ಹೂವಲ್ಲ, ಬೇರು

ಸ್ಟಾಕ್ಟನ್, ಕಾನ್ಸಾಸ್
ಜೂನ್ 9, 1987, ಮಂಗಳವಾರ

ಪ್ರೀತಿಯ ಎಲ್ಡನ್,

ಹಲ್ಲುನೋವು ಹೇಗಿದೆ? ಮುಖ ಊದಿಲ್ಲ ತಾನೇ? ಕೊಯ್ಲಿನ ಯಂತ್ರದ ಮೇಲೆ ಕೂತಾಗ ನೋವಿನಿಂದ ನಿನ್ನ ಗಮನ ತಪ್ಪೀತೆಂದು ನನಗೆ ಊಟವೇ ಸೇರುತ್ತಿಲ್ಲ. ಡಾಕ್ಟರ ಹತ್ತಿರ ಹೋಗೆಂದರೆ "ಗೋಧಿ ಕಾಯಲ್ಲ, ಹಲ್ಲು ಕಾಯುತ್ತೆ" ಅನ್ನುತ್ತೀಯ. ನನ್ನ ಚಿಕ್ಕಪ್ಪನೂ ಹಾಗೇ ಅಂದಿದ್ದ, ಕೊನೆಗೆ ಕೀವು ದವಡೆಗೆ ಇಳಿಯಿತು. ಉಪ್ಪುನೀರು ಮುಕ್ಕಳಿಸು. ಬಿಸಿ ಕಾಫಿ ಬೇಡ. ಒಕ್ಲಹೋಮಾದಲ್ಲಿ ಬಿರುಗಾಳಿ ಎಂದು ರೇಡಿಯೊ ಹೇಳಿತು, ಅದು ನಿಮ್ಮ ಕೊಯ್ಲಿನ ತಂಡ ಇರುವ ಕಡೆಯೋ ಏನೋ.

ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಅಂದರೆ, ಆರೋಗ್ಯ ಚೆನ್ನಾಗಿದೆ. ಒಂದು ವಿಷಯ ಬರೆಯಬೇಕು, ಹೇಗೆ ಬರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಅಡುಗೆಮನೆ ಕಿಟಕಿಯ ಕೆಳಗೆ ನೀನು ಹೂವಿಗೆಂದು ಬೆಳೆಸಿದ ಕೋನ್‌ಫ್ಲವರ್ ಗಿಡಗಳು ಹೋದವು. ಹದಿನಾಲ್ಕರಲ್ಲಿ ಹದಿಮೂರು.

ನಿನ್ನೆ ಚರ್ಚಿನಲ್ಲಿ ಮುದುಕ ಯೋಡರನನ್ನು ಮಣ್ಣು ಮಾಡಿದ ಮೇಲಿನ ಊಟಕ್ಕೆ ಬಡಿಸಿ, ಪಾತ್ರೆ ತೊಳೆದು ಮನೆಗೆ ಬಂದೆ. ಅತ್ತೆ ಆಲೂಗಡ್ಡೆ ಅಗೆಯುವ ಮುಳ್ಳುಗುದ್ದಲಿ ಹಿಡಿದು ಮಣ್ಣಿನಲ್ಲಿ ಮಂಡಿಯೂರಿದ್ದರು. ಎಂಬತ್ತಮೂರು ವರ್ಷದ ಮಂಡಿ, ಎಲ್ಡನ್. ಮೊಗ್ಗು ಹೊತ್ತ ಗಿಡಗಳೆಲ್ಲ ಪಕ್ಕದಲ್ಲಿ ಬಿದ್ದಿದ್ದವು, ಬೇರುಗಳು ಮಾತ್ರ ಅವರ ಮಡಿಲಲ್ಲಿ. ಇದೇನತ್ತೆ ಎಂದೆ.

"ಮಗನಿಗೆ ಹಲ್ಲುನೋವಂತೆ. ಭಾನುವಾರ ಫೋನಲ್ಲಿ ಅಂದಿದ್ದು ನಿಂಗೆ ಕೇಳಿಸ್ಲಿಲ್ವಾ? ಹಾವಿನಬೇರು ಅಗಿದ್ರೆ ನೋವು ನಿಲ್ಲುತ್ತೆ. ಚಿಕ್ಕವನಿದ್ದಾಗ ಕೊಡ್ತಿದ್ದೆ."

ಕೋನ್‌ಫ್ಲವರಿಗೆ ಅವರು ಹಾವಿನಬೇರು ಅನ್ನುವುದು. ಅವನು ಹೂವಿಗೆ ಕಾಯ್ತಿದ್ದ ಎಂದೆ.

"ಹೂವಿಗಾ? ನೋಡ್ಕೊಂಡು ಕೂರೋಕೆ ಯಾರಾದ್ರೂ ಹಾವಿನಬೇರು ನೆಡ್ತಾರಾ?"

ಒಂದೆರಡು ಸಾಕಿತ್ತಲ್ಲ ಎಂದರೆ, "ಕೊಯ್ಲು ಸೆಪ್ಟೆಂಬರ್‌ವರ್ಗೂ ಇದೆ ಕಣೇ" ಅಂದರು.

ನೀನು ಹುಲ್ಲುಗಾವಲಿನಿಂದ ಬೀಜ ತಂದು, ಚಳಿ ತಾಗಲೆಂದು ಹಸಿ ಮರಳಿನಲ್ಲಿಟ್ಟು ನನ್ನ ಫ್ರಿಜ್ಜಿನ ಅರ್ಧ ಹಿಡಿದಿದ್ದೆ. ಎರಡು ಬೇಸಿಗೆ ಬರೀ ಎಲೆ. ಈ ಸಲ ಮೊಗ್ಗು ಎಣಿಸಿ ನೀನು ಕೊಯ್ಲಿಗೆ ಹೊರಟೆ. ಅತ್ತೆ ಒಳಗೊಯ್ದ ಬೇರುಗಳನ್ನು ಮತ್ತೆ ಹೂಳೋಣವೆಂದು ನಾನು ಗುಂಡಿ ಸರಿಮಾಡಿ ಒಳಗೆ ಹೋದೆ, ಅಷ್ಟರಲ್ಲಿ ತೊಳೆದು, ಹೆಚ್ಚಿ, ಕೇಕಿನ ತಟ್ಟೆಯಲ್ಲಿ ಹರವಿಬಿಟ್ಟಿದ್ದರು. ನನಗೂ ಒಂದು ಚೂರು ಬಾಯಿಗೆ ಹಾಕಿದರು. ನಾಲಿಗೆ ಜೋಮು ಹಿಡಿದು ಕುಡಿದವಳ ಹಾಗೆ ತೊದಲಿದೆ. ಅತ್ತೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮಾವ ಹೋದ ಮೇಲೆ ಅವರು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ಅದಕ್ಕೇ ಜಗಳ ಬಿಟ್ಟು ಮುಳ್ಳುಗುದ್ದಲಿ ತೊಳೆದಿಟ್ಟೆ.

ನಲ್ಲಿಯ ಬಳಿಯ ಗಿಡ ಉಳಿದಿದೆ. ಅದಕ್ಕೆ ಬಕೆಟ್ ಮುಚ್ಚಿದ್ದೇನೆ. ಬಿಸಿಲು ಸಾಲದೇನೋ ಎಂದು ಗಳಿಗೆಗೊಮ್ಮೆ ತೆಗೆಯುತ್ತೇನೆ, ಅತ್ತೆ ಬಂದರೆ ಮತ್ತೆ ಮುಚ್ಚುತ್ತೇನೆ.

ತಂಡದವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನೂ ಆ ಯಂತ್ರವನ್ನೂ ಕಾಯಲಿ.

ನಿನ್ನ,
ವಿಲ್ಮಾ

ಮರೆತಿದ್ದೆ: ಬೇರು ಈ ಜೊತೆಗಿನ ಡಬ್ಬಿಯಲ್ಲಿದೆ. ಬೈಯುವುದಿದ್ದರೆ ನನ್ನನ್ನು ಬೈ. ಭಾನುವಾರ ಫೋನ್ ಮಾಡಿದಾಗ ಮೊದಲು ಅಮ್ಮನಿಗೇ ಕೊಡೆನ್ನು, ನೋವು ನಿಂತಿತೆಂದು ಹೇಳು. ನಿಲ್ಲದಿದ್ದರೂ ಹೇಳು. ಆಮೇಲೆ ಅವರಿಗೆ ಗೊತ್ತಾಗದ ಹಾಗೆ ಡಾಕ್ಟರ ಹತ್ತಿರ ಹೋಗು.