ಇನ್ನರ್ಧ ಸುತ್ತು

12-3-2001, ಸೋಮವಾರ

ಮೂರು ಪಂಚರ್, ಒಂದು ಚೈನು, ಎರಡು ಚಕ್ರದ ಬೆಂಡ್. ಎಣ್ಣೆ ಮಿಲ್ಲಿನ ಹೊಗೆ ದಿನವಿಡೀ ಅಂಗಡಿಯ ಕಡೆಗೇ. ಕಣ್ಣುರಿ.

ಮಧ್ಯಾಹ್ನ ಹೈಸ್ಕೂಲಿನ ಸೂರಮ್ಮ ಟೀಚರ್ ಬಂದರು. ಲೇಡೀಸ್ ಸೈಕಲ್ಲು, ಹಿಂದಿನ ಚಕ್ರ ಬ್ರೇಕಿಗೆ ಉಜ್ಜುತ್ತಿತ್ತು. ಬೆಂಡ್ ತೆಗೆಯುತ್ತಿದ್ದಾಗ ನಿಂತುಕೊಂಡೇ ಹೇಳಿದರು.

"ಸಾಬ್ರೆ, ನಿಮ್ಮ ಮೊಮ್ಮಗಳು ಮೆಹಜಬೀನ್ ಕ್ಲಾಸಲ್ಲಿ ಬಾಯೇ ಬಿಡಲ್ಲ. ಉತ್ತರ ಗೊತ್ತೈತೆ, ಬರೆದು ತೋರಿಸ್ತಾಳೆ. ಎದ್ದು ಹೇಳು ಅಂದ್ರೆ ಮಾತ್ರ ಇಲ್ಲ."

"ಶರಮ್ ಇರೋ, ನಾಚ್ಕೆ ಹುಡುಗಿ ಟೀಚರ್. ನಕ್ಕರೂ ದುಪಟ್ಟ ಅಡ್ಡ ಇಟ್ಕೊಂತಾಳೆ. ನಾವು ಹಂಗೆ ಬೆಳೆಸೀವಿ."

"ಶರಮ್ ಅಲ್ಲ ಸಾಬ್ರೆ. ಹಲ್ಲು."

ಸ್ಪೋಕ್ ಕೀ ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡೆ. ಮೂರು ವರ್ಷದಿಂದ ಬೀದಿಯವರ ಮುಂದೆ ಹೊಗಳಿದ್ದೇನೆ — ನಮ್ಮ ಹುಡುಗಿ ಬಾಯಿ ಮುಚ್ಚಿ ನಗ್ತಾಳೆ, ನಿಮ್ಮ ಮಕ್ಕಳಿಗೂ ಕಲಿಸ್ರಿ ಅಂತ.

ಮನೆಯಲ್ಲಿ ಆಡುವುದು ಉರ್ದು. ಬರೆಯಲು ಬರುವುದು ನಾಲ್ಕನೇ ಕ್ಲಾಸಿನ ಕನ್ನಡ. ಹಾಗಾಗಿ ನನ್ನನ್ನು ನಾನು ಇಲ್ಲಿ ಬೈದುಕೊಂಡರೂ ಸಪ್ಪೆ.

14-3-2001

ಕೇಳಿಯೇಬಿಟ್ಟೆ. ಹುಡುಗಿಗೆ ಹದಿನಾಲ್ಕು. ಮೇಲಿನ ಹಲ್ಲು ಕೆಳತುಟಿಯ ಮೇಲೆ ಕೂರುತ್ತವೆ, ನಿಜ. ನನ್ನ ಕಡೆಯಿಂದಲೇ ಬಂದದ್ದು. ನನ್ನವು ಐವತ್ತಕ್ಕೇ ಉದುರಿದವು, ಈಗ ಯಾರಿಗೂ ನೆನಪಿಲ್ಲ.

"ಹಲ್ಲಿಗೆ ಏನಾಗೈತೆ? ಊಟ ಸೇರ್ತೈತಲ್ಲ?"

"ಸ್ಕೂಲಲ್ಲಿ ಖರ್ಗೋಶ್ ಅಂತಾರೆ ದಾದಾ. ಹುಡುಗರೂ ಅಂತಾರೆ."

"ಯಾವನು ಮೊಲ ಅಂದೋನು? ಹೆಸರು ಹೇಳು, ಕಾಲು ಮುರಿತೀನಿ."

ಒಲೆಯ ಮುಂದಿಂದ ಮೈಮೂನಾ — "ಮೊದಲು ನಿಮ್ಮ ಕಾಲು ಮುರ್ಕೊಳ್ರಿ. ಆ ಹೆಸರು ಇಟ್ಟೋರು ಯಾರು?"

ಇಷ್ಟು ವರ್ಷದ ಹೆಂಡತಿ. ಎಲ್ಲಿ ಹೊಡೆಯಬೇಕು ಅಂತ ಗೊತ್ತು.

ಹುಡುಗಿಗೆ ಆರು ವರ್ಷವಿದ್ದಾಗ ಮುಂದಿನ ಎರಡು ಹಲ್ಲು ಮೊದಲು ಬಂದವು. ಅಂಗಡಿಯಿಂದ ಕೂಗುತ್ತಿದ್ದೆ — ಏ ಖರ್ಗೋಶ್, ಚಾ ಹೇಳಿ ಬಾ! ಚಾ ಅಂಗಡಿಯ ಪಾತಣ್ಣ ಕೇಳಿದ, ಅವನೂ ಅಂದ. ಗಿರಾಕಿಗಳು ಕೇಳಿದರು. ನನ್ನ ಗಂಟಲು ದೊಡ್ಡದು, ಬಸ್‌ಸ್ಟ್ಯಾಂಡಿನವರೆಗೆ ಹೋಗುತ್ತದೆ.

ಪ್ರೀತಿಗೆ ಅಂದದ್ದು. ಈಗಲೂ ಅದೇ ಹೇಳುತ್ತೇನೆ, ಪ್ರೀತಿಗೇ. ಆದರೆ…

8-4-2001, ಭಾನುವಾರ

ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರ್. ಹೆಂಗಸು, ವಯಸ್ಸು ನನ್ನ ಸೊಸೆ ಸುಮಯ್ಯಳಷ್ಟು. ತಿಂಗಳ ಎರಡನೇ ಭಾನುವಾರ ದಾವಣಗೆರೆಯಿಂದ ಬಂದು ಮೆಡಿಕಲ್ ಶಾಪಿನ ಮಹಡಿಯಲ್ಲಿ ಕೂರುತ್ತಾರೆ. ಖರ್ಚಿನ ಮಾತು ಮಗ ರಫೀಕ್ ಆಡಿದ. ನಾನು ಬಾಯೊಳಗೆ ನೋಡಿದೆ.

ಡಾಕ್ಟರ್ ಸಣ್ಣ ಕನ್ನಡಿ ಹಿಡಿದು ತೋರಿಸಿದರು. ಕೆಳಗಿನ ಹಲ್ಲು ಮೇಲಿನದರ ಹಿಂದೆ ಹೋಗಿ ಅಂಗುಳಕ್ಕೆ ಚುಚ್ಚುತ್ತಿವೆ. ಸಾಲಾಗಿ ಗಾಯ. ಪ್ರತಿ ತುತ್ತಿಗೂ ನೋವಿತ್ತಂತೆ. ಮನೆಯಲ್ಲಿ ಒಬ್ಬರಿಗೂ ಹೇಳಿಲ್ಲ ಹುಡುಗಿ.

ಮೇಲೆ ಎರಡು ಒಳ್ಳೆ ಹಲ್ಲು ಕೀಳಬೇಕು, ಆ ಜಾಗಕ್ಕೆ ಮುಂದಿನವನ್ನು ಹಿಂದೆ ಎಳೆಯಬೇಕು. ಎರಡು ವರ್ಷ.

"ಎರಡು ವರ್ಷಾನಾ? ಅಷ್ಟರಾಗೆ ನಾನು ಎರಡು ಸಾವಿರ ಚಕ್ರದ ಬೆಂಡ್ ತೆಗಿತೀನಿ ಡಾಕ್ಟ್ರೇ. ತಂತಿ ಎಳಿಯೋದು ತಾನೇ?"

"ಚಕ್ರಕ್ಕೆ ಬೇರಿಲ್ಲ ಅಜ್ಜಾ. ಹಲ್ಲು ಸರಿಯಬೇಕಂದ್ರೆ ಮುಂದೆ ಮೂಳೆ ಕರಗಬೇಕು, ಹಿಂದೆ ಬೆಳೀಬೇಕು. ಅಲ್ಲ, ತಪ್ಪು ಹೇಳಿದೆ — ಹೋಗೋ ಕಡೆ ಕರಗಬೇಕು, ಬಿಟ್ಟ ಕಡೆ ಬೆಳೀಬೇಕು. ಮೂಳೆಗೆ ಅವಸರ ಇರಲ್ಲ."

ಮೆಹಜಬೀನ್ ದುಪಟ್ಟದ ಹಿಂದೆ ನಕ್ಕಳು. ನಾನು ಸೋತರೆ ಆ ಹುಡುಗಿಗೆ ಯಾವಾಗಲೂ ಖುಷಿ.

13-5-2001

ಎರಡು ಹಲ್ಲು ಕಿತ್ತ ಗಾಯ ಮಾಯಿತು, ಕ್ಲಿಪ್ ಹಾಕಿದರು. ಬಾಯಿ ತುಂಬ ತಂತಿ. ಪ್ರತಿ ಹಲ್ಲಿಗೂ ಒಂದು ಬಿಲ್ಲೆ, ಬಿಲ್ಲೆಗಳ ಮೇಲೆ ಒಂದೇ ತಂತಿ ಹಾದುಹೋಗುತ್ತದೆ. ಕೆಲಸ ಚೊಕ್ಕ. ಅದನ್ನು ಒಪ್ಪಲೇಬೇಕು.

16-5-2001

ಮೂರು ದಿನದಿಂದ ಹಾಲು-ಅನ್ನ. ರೊಟ್ಟಿ ಕಂಡರೆ ಕಣ್ಣಲ್ಲಿ ನೀರು. ಮೈಮೂನಾ ಗಂಜಿ ಕಾಯಿಸುತ್ತಾಳೆ, ಡಾಕ್ಟರನ್ನು ಬೈಯುತ್ತಾಳೆ.

8-7-2001

ಈ ತಿಂಗಳೂ ಹತ್ತು ನಿಮಿಷದ ಕೆಲಸ. ಸಣ್ಣ ತಂತಿ ಬಿಚ್ಚಿದರು, ಹೊಸದು ಕಟ್ಟಿದರು. ಹಲ್ಲು ಕಿತ್ತ ಜಾಗ ಹಾಗೇ ಇದೆ. ಇದೇನು ಕೆಲಸವೋ. ನನ್ನ ಅಂಗಡಿಯಲ್ಲಿ ಹೀಗೆ ಮಾಡಿದರೆ ಗಿರಾಕಿ ಸೈಕಲ್ ಎತ್ತಿಕೊಂಡು ಹೋಗುತ್ತಾನೆ.

2-8-2001, ಗುರುವಾರ, ಸಂಜೆ 5

ಹಿಂದಿನ ದವಡೆ ಹಲ್ಲಿನ ಕೊಂಡಿಯಿಂದ ಮುಂದಕ್ಕೆ ಕಟ್ಟಿದ್ದ ಸಣ್ಣ ತಂತಿಯ ತುದಿ ಎದ್ದು ಕೆನ್ನೆಯೊಳಗೆ ಚುಚ್ಚುತ್ತಿತ್ತು. ಡಾಕ್ಟರ್ ಬರುವುದು ಇನ್ನು ಹತ್ತು ದಿನಕ್ಕೆ. ಹುಡುಗಿ ತಾನಾಗಿ ಅಂಗಡಿಗೆ ಬಂದಳು. "ದಾದಾ, ನೀವೇ ಸರಿ ಮಾಡ್ರಿ. ನಿಮ್ಮ ಕೈ ನಡುಗಲ್ಲ."

ಚೂಪು ಮೂತಿಯ ಪ್ಲೈಯರ್ ಬಿಸಿನೀರಲ್ಲಿ ತೊಳೆದೆ. ಬಾಗಿಲ ಬೆಳಕಿಗೆ ಕೂರಿಸಿದೆ. ತುದಿ ಒಳಕ್ಕೆ ಮಡಚಿದೆ. ಆಯಿತು. ಒಂದು ಹನಿ ರಕ್ತವಿಲ್ಲ.

ಒಮ್ಮೆ ಕೈ ಹಾಕಿದ ಮೇಲೆ ಪೂರ್ತಿ ಕೆಲಸ ಮುಗಿಸುವುದು ನನ್ನ ಪದ್ಧತಿ. ಆ ತಂತಿಯೇ ಹಲ್ಲನ್ನು ಎಳೆಯುವುದು, ಕಣ್ಣಿಗೆ ಕಾಣುತ್ತದೆ. ಸಡಿಲ ಅನ್ನಿಸಿತು. ಅರ್ಧ ಸುತ್ತು ಕೊಟ್ಟೆ. ಸ್ಪೋಕಿಗೆ ಕೊಟ್ಟಂತೆ. ಏನೂ ಆಗಲಿಲ್ಲ ಅನ್ನಿಸಿತು. ಇನ್ನರ್ಧ. ಆ ಕಡೆಯೂ ಹಾಗೆಯೇ.

"ನೋಯ್ತೇನು?" ಅಂದೆ. ತಲೆ ಅಲ್ಲಾಡಿಸಿದಳು, ಇಲ್ಲ ಅಂತ.

ಎರಡು ವರ್ಷದ್ದು ಒಂದು ವರ್ಷಕ್ಕೆ ಮುಗಿದರೆ ಡಾಕ್ಟರಿಗೆ ಹೇಳುತ್ತೇನೆ, ಯಾರ ಕೈ ಅಂತ.

3-8-2001

ಜ್ವರ. ಮೇಲ್ತುಟಿ ಊದಿದೆ. ನೀರೂ ಕುಡಿಯುತ್ತಿಲ್ಲ. ಮುಂದಿನ ಎಡಗಡೆ ಹಲ್ಲು ನಾಲಿಗೆ ತಾಗಿದರೆ ಅಲ್ಲಾಡುತ್ತದೆ ಅಂದಳು ಸುಮಯ್ಯ. ಜುಮ್ಮಾ ನಮಾಜಿಗೆ ಹೋದೆ. ಏನು ಓದಿದೆನೋ.

4-8-2001

ರಫೀಕ್ ಹುಡುಗಿಯನ್ನು ದಾವಣಗೆರೆಗೆ ಕರೆದುಕೊಂಡು ಹೋದ. ಬಂದು ನನ್ನ ಮುಂದೆ ಕೂತ. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಬಹುದಿತ್ತು.

"ಅಬ್ಬಾ, ಡಾಕ್ಟ್ರು ಎಲ್ಲಾ ತಂತಿ ಬಿಚ್ಚಿದ್ರು. ಮೂರು ತಿಂಗಳು ಏನೂ ಮುಟ್ಟಂಗಿಲ್ಲ. ಆ ಹಲ್ಲು ಬದುಕ್ತೈತೋ ಇಲ್ವೋ ಈಗ್ಲೇ ಗೊತ್ತಾಗಲ್ಲವಂತೆ. ಸತ್ರೆ ಕಪ್ಪಾಗ್ತೈತೆ."

"ಯಾರು ಮಾಡಿದ್ದು ಅಂತ ಕೇಳಿದ್ರಾ?"

"ಕೇಳಿದ್ರು. ಜಬೀನ್ ಹೇಳಲಿಲ್ಲ. ತಾನೇ ಎಳ್ಕೊಂಡೆ ಅಂದ್ಲು."

ಪ್ಲೈಯರ್ ತೆಗೆದು ಟ್ರಂಕಿನ ತಳಕ್ಕೆ ಹಾಕಿದೆ.

30-8-2001

ಇಪ್ಪತ್ತೆಂಟು ದಿನ. ಹುಡುಗಿ ಚಾ ತಂದಿಡುತ್ತಾಳೆ, ಮಾತಿಲ್ಲ. ದುಪಟ್ಟ ಈಗ ಮನೆಯೊಳಗೂ ಬಾಯಿಗೆ ಅಡ್ಡ. ನನ್ನ ಮುಂದೆ ಮಾತ್ರ.

ತಪ್ಪಾಯಿತು ಅನ್ನುವುದು ನನ್ನ ಬಾಯಿಗೆ ಬಂದಿಲ್ಲ ಯಾವತ್ತೂ. ಗಿರಾಕಿಗೂ ಅಂದಿಲ್ಲ. ಅಭ್ಯಾಸವಿಲ್ಲದ ಮಾತು.

5-11-2001, ಸೋಮವಾರ

ದಸರಾ ರಜೆಗೆ ಅಮ್ಮನ ತವರಿಗೆ, ಮೊಳಕಾಲ್ಮೂರಿಗೆ ಅಂತ ಹೋದವಳು ಸ್ಕೂಲು ತೆರೆದರೂ ಬರಲಿಲ್ಲ. ಅಲ್ಲೇ ಓದುತ್ತೇನೆ ಅಂದಳಂತೆ. ಸುಮಯ್ಯ ಹೋಗಿ ಕರೆದರೂ ಇಲ್ಲ. ಮೈಮೂನಾ ಅಂದಳು — "ಓಡಿಸಿದೋರೇ ಹೋಗಿ ಕರ್ಕಂಡು ಬರ್ರಿ." ಬೀಗ ಹಾಕಿ ಬಸ್ಸು ಹತ್ತಿದೆ.

ತಳಕು ದಾಟಿ ಮುಂದೆ, ಕೊಂಡ್ಲಹಳ್ಳಿಯ ಕಾಟಪ್ಪ ಹತ್ತಿದ. ಮೂವತ್ತು ವರ್ಷದ ಗಿರಾಕಿ. ಶೇಂಗಾ ಚೀಲ ನನ್ನ ಕಾಲ ಮೇಲೇ ಇಟ್ಟ.

"ಏಮಯ್ಯಾ ಬಾಬು ಸಾಬ್, ಅಂಗಡಿ ಬಿಟ್ಟು ಎಲ್ಲಿಗೆ? ನಿಮ್ಮ ಖರ್ಗೋಶ್ ಹೆಂಗೈತೆ?"

"ಲೇ ಕಾಟಪ್ಪ! ಇನ್ನೊಂದ್ಸಲ ಆ ಹೆಸರು ಅಂದ್ರೆ ಚೀಲ ಸಮೇತ ಕೆಳಗೆ ದಬ್ತೀನಿ!"

ಕಂಡಕ್ಟರ್ ಸೀಟಿ ಊದಿಬಿಟ್ಟ. ಬಸ್ಸು ನಿಂತಿತು. ಕಾಟಪ್ಪನ ಮುಖ ಸಣ್ಣದಾಯಿತು. "ನೀವೇ ಕೂಗ್ತಿದ್ರಲ್ಲಪ್ಪಾ…" ಅಂದ. ಇಳಿಯುವಾಗ ಒಂದು ಹಿಡಿ ಶೇಂಗಾ ನನ್ನ ಜೇಬಿಗೆ ಹಾಕಿದ. ಅದು ಇನ್ನೂ ಚುಚ್ಚುತ್ತಿದೆ.

ಬೀಗರ ಮನೆಯ ಪಕ್ಕದ ದುರುಗಕ್ಕನ ಮಗ್ಗದ ಹತ್ತಿರ ಕೂತಿದ್ದಳು ಹುಡುಗಿ. ಕಡಿದ ರೇಷ್ಮೆ ಎಳೆ ಗಂಟು ಹಾಕಿಕೊಡುತ್ತಿದ್ದಳು. ದುರುಗಕ್ಕ ಗಂಟಿನ ತುದಿಯನ್ನು ಹಲ್ಲಲ್ಲಿ ಕಡಿಯುತ್ತಾಳೆ, ಇವಳು ಕತ್ತರಿಯಲ್ಲಿ.

"ರಾ ಅನ್ನಾ, ಕುಂದ್ರು," ಅಂದಳು ದುರುಗಕ್ಕ. "ನಿಮ್ಮ ಮೊಮ್ಮಗಳ ಕೈ ಭಾಳ ಹಗುರ. ಯಾರ ಕೈ ಬಂದೈತೋ."

ನನ್ನ ಕೈ. ಅದನ್ನು ಜೇಬಿಗೆ ಹಾಕಿಕೊಂಡೆ.

ಹುಡುಗಿ ಎದ್ದು ದುಪಟ್ಟ ಎಳೆದುಕೊಂಡಳು. ಬಸ್ಸಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಹೋಯಿತು. "ಹಲ್ಲು ತೋರ್ಸು," ಅಂದೆ. ಗದರಿದ ಹಾಗೇ ಬಂತು.

ತೋರಿಸಿದಳು. ಎಡಗಡೆಯ ಹಲ್ಲು ಬೆಳ್ಳಗಿತ್ತು. ಕಪ್ಪಾಗಿರಲಿಲ್ಲ. ಮಗ್ಗದ ಕಂಬ ಹಿಡಿದು ನಿಂತೆ.

"ಬಸ್ಸಲ್ಲಿ ಕಾಟಪ್ಪಂಗೆ ಬೈದೆ. ಆ ಹೆಸರು ಅಂದ ಅಂತ."

"ಅವರೇನು ಮಾಡಿದ್ರು ದಾದಾ? ಇಟ್ಟೋರು ನೀವು."

"ಹೂಂ."

"ಹಲ್ಲು ನೋವು ನಾನು ತಡ್ಕೊಂತೀನಿ. ನೀವು ಬೇಕಂತ ಮಾಡಿಲ್ಲ, ಗೊತ್ತು. ಆದ್ರೆ ಹಲ್ಲು ನೆಟ್ಟಗಾದ್ಮೇಲೂ ಜನ ಹಂಗೇ ಕರೀತಾರಲ್ಲ? ಆಮೇಲೆ ಯಾಕೆ ಬೇಕು ಇದೆಲ್ಲ?"

ಅದಕ್ಕೆ ಅಂಗಡಿಯ ಯಾವ ಸಾಮಾನೂ ಇಲ್ಲ ನನ್ನ ಹತ್ತಿರ. "ಆ ಹೆಸರು ನಾನು ತೆಗಿಸ್ತೀನಿ," ಅಂದೆ. "ತೆಗೆಸಿದ ಮೇಲೆ ಬಾ."

ಒಬ್ಬನೇ ವಾಪಸ್ ಬಂದೆ.

7-11-2001

ಅಂಗಡಿ ತೆರೆಯಲಿಲ್ಲ. ಪಾತಣ್ಣನ ಚಾ ಅಂಗಡಿಯಿಂದ ಶುರು.

"ನನ್ನ ಮೊಮ್ಮಗಳ ಹೆಸರು ಮೆಹಜಬೀನ್. ಆ ಇನ್ನೊಂದು ಹೆಸರು ನಾನು ಇಟ್ಟಿದ್ದು. ವಾಪಸ್ ತಗೊಂಡೀನಿ. ಇನ್ನು ಯಾರೂ ಅನ್ನಂಗಿಲ್ಲ."

"ಹೆಸರು ವಾಪಸ್ ತಗೊಳಾಕೆ ಅದೇನು ಟ್ಯೂಬಾ ಸಾಬ್ರೆ?"

"ನಾನು ಹಾಕಿದ ಪ್ಯಾಚು ಕಣಲೇ. ನಾನೇ ಕೀಳ್ತೀನಿ."

ಚಾ ಕುಡಿಯುತ್ತಿದ್ದವರೆಲ್ಲ ನಕ್ಕರು. ನಿಂತೇ ಇದ್ದೆ. ನಗು ನಿಲ್ಲುವವರೆಗೆ. ಪಾತಣ್ಣ ಕೊನೆಗೆ ಲೋಟ ಕೆಳಗಿಟ್ಟ. "ಆಯ್ತು ಬಿಡ್ರಿ. ತಪ್ಪಾತು," ಅಂದ. ಅವನ ಬಾಯಿಗೆ ಎಷ್ಟು ಸಲೀಸಾಗಿ ಬಂತು.

ಆಮೇಲೆ ಬಳೆ ಅಂಗಡಿ, ಬ್ಯಾಟರಿಯವನು, ಟೈಲರ್, ಮಿಲ್ಲಿನ ಗೇಟು. ಮಧ್ಯಾಹ್ನ ಹೈಸ್ಕೂಲು. ಸೂರಮ್ಮ ಟೀಚರ್ ಕ್ಲಾಸಿನೊಳಗೇ ಕರೆದರು. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ಇವತ್ತೇ ಕ್ಲಾಸಿನೊಳಗೆ ನಿಂತದ್ದು. ನಲವತ್ತು ಮಕ್ಕಳು. ಎದ್ದು ಹೇಳು ಅಂದರೆ ಹೇಗಿರುತ್ತದೆ ಅಂತ ಗೊತ್ತಾಯಿತು.

"ನನ್ನಿಂದ ತಪ್ಪಾಗೈತೆ," ಅಂದೆ. ಬಂತು.

11-11-2001, ಭಾನುವಾರ

ಟೀಚರ್ ಮೊಳಕಾಲ್ಮೂರಿಗೆ ಕಾಗದ ಹಾಕಿದ್ದರಂತೆ. ನಿನ್ನೆ ಸಂಜೆಯ ಬಸ್ಸಿಗೆ ಹುಡುಗಿ ಬಂದಳು. ಇವತ್ತು ಡಾಕ್ಟರ ಹತ್ತಿರ ನಾನೂ ಹೋದೆ.

"ಡಾಕ್ಟ್ರೇ, ಆ ತಂತಿ ತಿರುವಿದ್ದು ನಾನು."

"ಗೊತ್ತು ಅಜ್ಜಾ. ಹದಿನಾಲ್ಕು ವರ್ಷದ ಹುಡುಗಿಗೆ ಅಷ್ಟು ನೀಟಾಗಿ ಸುತ್ತು ಹಾಕೋಕೆ ಬರಲ್ಲ."

ಹಲ್ಲು ಗಟ್ಟಿಯಾಗಿದೆ. ಮತ್ತೆ ತಂತಿ ಹಾಕಿದರು. ಮೂರು ತಿಂಗಳು ದಂಡ.

14-7-2002

ಡೈರಿ ತೆಗೆದು ಎಂಟು ತಿಂಗಳು. ಹೊಸದು ಸಿಗಲಿಲ್ಲ, ಹಳೆಯದರ ಹಿಂದಿನ ಹಾಳೆ. ಹಲ್ಲು ಕಿತ್ತ ಜಾಗ ಅರ್ಧ ಮುಚ್ಚಿದೆ. ಸರಿಯುವುದು ಯಾವತ್ತೂ ಕಾಣಲಿಲ್ಲ, ಸರಿದಿದೆ. ಅಂಗುಳದ ಗಾಯ ಮಾಯಿದೆ. ರೊಟ್ಟಿ ತಿನ್ನುತ್ತಾಳೆ.

ಪಾತಣ್ಣ ಒಮ್ಮೆ "ಏ ಖರ್…" ಅಂದು, ನನ್ನ ಕಡೆ ನೋಡಿ, "ಖರ್ಜೂರ ಬೇಕೇನವ್ವಾ?" ಅಂದ. ಅವನ ಅಂಗಡಿಯಲ್ಲಿ ಖರ್ಜೂರ ಎಲ್ಲಿಂದ ಬರಬೇಕು.

8-6-2003, ಭಾನುವಾರ

ಕ್ಲಿಪ್ ಬಿಚ್ಚಿದರು. ಸಾಲು ನೆಟ್ಟಗಿದೆ. ಎಡಗಡೆಯದೂ.

ಮಲಗುವಾಗ ಪ್ಲೇಟು ಹಾಕಿಕೊಳ್ಳಬೇಕಂತೆ, ವರ್ಷಗಟ್ಟಲೆ. ಹಲ್ಲಿಗೆ ಹಳೆಯ ಜಾಗ ನೆನಪಿರುತ್ತದಂತೆ, ಬಿಟ್ಟರೆ ಅಲ್ಲಿಗೇ ಹೋಗಿಬಿಡುತ್ತವೆ.

ಮೈಮೂನಾ ಸಕ್ಕರೆ ತಿನ್ನಿಸಿದಳು. ಎಲ್ಲರೂ ನಗು ಅಂದರು. ಹುಡುಗಿ ನಕ್ಕಳು — ಕೈ ಬಾಯಿಗೆ ಅಡ್ಡ ಹೋಯಿತು. ಅವಳಿಗೇ ಗೊತ್ತಾಗಲಿಲ್ಲ. ಕೈಗೆ ಹಾಕಲು ಯಾವ ಪ್ಲೇಟಿದೆ?

22-6-2003, ಭಾನುವಾರ

ಕಾಲೇಜಿಗೆ ಹೋಗಲು ಅವಳಿಗೆ ಒಂದು ಸೈಕಲ್ ಜೋಡಿಸುತ್ತಿದ್ದೇನೆ. ಹಿಂದಿನ ಚಕ್ರಕ್ಕೆ ಹೊಸ ರಿಮ್. "ನಾನೇ ಬೆಂಡ್ ತೆಗಿತೀನಿ ದಾದಾ, ಕಲಿಸ್ರಿ," ಅಂದಳು. ಸ್ಪೋಕ್ ಕೀ ಕೊಟ್ಟೆ. ಗ್ರೀಸು ಎರಡೂ ಕೈಗೆ, ಮಣಿಕಟ್ಟಿನವರೆಗೆ.

"ಅರ್ಧ ಸುತ್ತು ಕೊಡು. ನಿಲ್ಲು. ಚಕ್ರ ತಿರುಗಿಸಿ ನೋಡು. ಆಮೇಲೆ ಇನ್ನರ್ಧ."

"ನೀವು ನೋಡಿದ್ರಾ ಆವತ್ತು?" ಅಂದಳು, ತಲೆ ಎತ್ತದೆ.

"ಇಲ್ಲ."

ಅಷ್ಟರಲ್ಲಿ ಕಾಟಪ್ಪ ಬಂದ, ಪಂಚರ್ ಹಾಕಿಸಲು. ಬಸ್ಸಿನ ಗಲಾಟೆಯಾದ ಮೇಲೆ ನನ್ನ ಅಂಗಡಿಗೆ ಹೆದರಿ ಕಾಲಿಡುತ್ತಾನೆ. ಹುಡುಗಿಯನ್ನು ನೋಡಿದ, ನನ್ನನ್ನು ನೋಡಿದ, ಕೈಮುಗಿದ.

"ಏನವ್ವಾ, ನಿಮ್ಮಜ್ಜ ನಿನ್ನ ಹಳೇ ಹೆಸರು ಕಿತ್ಕಂಡ. ಹೊಸದು ನನ್ನ ಬಾಯಿಗೆ ತಿರುಗವಲ್ದು. ಮೇಜುಬೀನು, ಮಜಬೀನು… ಬೀನ್ಸ್ ಅನ್ಲೇನು?"

ನಕ್ಕಳು. ಜೋರಾಗಿ, ಬಸ್‌ಸ್ಟ್ಯಾಂಡಿನವರೆಗೆ ಕೇಳುವಂತೆ. ನನ್ನ ಗಂಟಲು. ಎರಡೂ ಕೈ ಚಕ್ರದ ಮೇಲೇ ಇದ್ದವು.

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಅವಳ ಗ್ರೀಸಿನ ಕೈ ಬಾಯಿಗೆ ಅಡ್ಡ ಹೋಗುತ್ತಿತ್ತು. ರಿಮ್ಮನ್ನೇ ನೋಡುತ್ತಾ ಕೂತೆ. ಹೊಸ ರಿಮ್, ಕನ್ನಡಿಯಂತೆ ಹೊಳೆಯುತ್ತದೆ. ಅದರಲ್ಲಿ ಅವಳ ಮುಖ ಸೊಟ್ಟ ಕಾಣುತ್ತದೆ, ಬಾಯಿ ಕಿವಿಯವರೆಗೆ ಎಳೆದ ಹಾಗೆ. ಆದರೂ ಹಲ್ಲು, ಸಾಲಾಗಿ, ಬೆಳ್ಳಗೆ —