ಗಟ್ಟಿಗಿತ್ತಿ

ಕೃಷ್ಣಮೂರ್ತಿಪುರಂ, ಮೈಸೂರು
18-9-2025

ಚಿ. ಸೌ. ಶರಣ್ಯಾಗೆ ಅಮ್ಮನ ಆಶೀರ್ವಾದಗಳು.

ನೀನು ಹಾಸನಕ್ಕೆ ವಾಪಸ್ಸು ಹೋಗಿ ಹತ್ತು ದಿನವಾಯಿತು. ನನ್ನ ಫೋನ್ ಎತ್ತುತ್ತಿಲ್ಲ. ಅಳಿಯಂದಿರು ಸಮರ್ಥ ಎತ್ತಿ, "ಚೆನ್ನಾಗಿದ್ದಾಳೆ ಅತ್ತೆ, ಆಮೇಲೆ ಮಾಡ್ತಾಳೆ" ಎನ್ನುತ್ತಾರೆ. ಅದಕ್ಕೇ ಈ ಕಾಗದ. ಮೊದಲೇ ಬರೆಯಬೇಕಿತ್ತು, ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದೆ. ತಡವಾಯಿತೆಂದು ಬೈಕೋಬೇಡ.

ಆ ಭಾನುವಾರದ ಸಿನಿಮಾ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ರಾಜಕುಮಾರಿಯಂತೆ! ಒಬ್ಬಳೇ ಮುನ್ನೂರು ಸೈನಿಕರನ್ನು ಕೊಚ್ಚಿ ಹಾಕುತ್ತಾಳೆ, ಕಣ್ಣಿನ ಕಾಡಿಗೆ ಕೂಡ ಅಳಿಸುವುದಿಲ್ಲ. ಕತ್ತಿ ಹಿಡಿಯುವುದನ್ನು ಯಾರೂ ಕಲಿಸಲಿಲ್ಲ, ಹುಟ್ಟುತ್ತಲೇ ಬಂದುಬಿಟ್ಟಿತಂತೆ. ಅಪ್ಪ ಸತ್ತಾಗಲೂ ಒಂದು ತೊಟ್ಟು ಕಣ್ಣೀರಿಲ್ಲ. "ಇವಳಿಗೆ ಒಂದು ನೆಗಡಿನಾದ್ರೂ ಬರುತ್ತೇನೇ?" ಎಂದು ನಾನು ಕೇಳಿದ್ದಕ್ಕೆ ನಿನ್ನ ಚಿಕ್ಕಮ್ಮ ಪ್ರೇಮಲೀಲಾ ಮುಂದಿನ ಸಾಲಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. ನೀನು ಮಾತ್ರ ನಗಲಿಲ್ಲ.

ಹೊರಗೆ ಆಟೊಗೆ ಕಾಯುವಾಗ ನೀನು ಶುರು ಮಾಡಿದೆ. "ಹೀರೋ ಒಬ್ನೇ ಐವತ್ತು ಜನಕ್ಕೆ ಹೊಡೆದ್ರೆ ಶಿಳ್ಳೆ ಹಾಕ್ತೀರ. ಹೆಣ್ಣು ಹೊಡೆದ್ರೆ ಮಾತ್ರ ನಿಮಗೆಲ್ಲ ಲಾಜಿಕ್ ಬೇಕಾ ಅಮ್ಮಾ?" ಮಾತು ಸರಿಯೇ, ಒಪ್ಪಿಕೊಂಡೆ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಹೊಡೀಲಿ ಬಿಡೇ, ಯಾರು ಬೇಡ ಅಂದ್ರು? ಒಂದ್ಸಲನಾದ್ರೂ ಬೀಳ್ಬೇಕು. ನೋವೇ ಆಗ್ದೋಳು ಹೆಂಗಸಲ್ಲ, ಗೊಂಬೆ ಕಣೇ" ಎಂದುಬಿಟ್ಟೆ.

ಆಗ ನೀನು ನನ್ನ ಮುಖ ನೋಡಿ, "ಮತ್ತೆ ನನ್ನನ್ನ ಯಾಕಮ್ಮ ಹಂಗೇ ಬೆಳೆಸ್ದೆ?" ಎಂದು ಕೇಳಿದೆ.

ಪ್ರೇಮಲೀಲಾ ಮುಂದೆ ಹೀಗಂದಳಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಈಗ ಕೂತು ಹಳೆಯದನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದೇನೆ. ಒಂಬತ್ತು ವರ್ಷದವಳು ನೀನು, ಸೈಕಲ್ಲಿನಿಂದ ಬಿದ್ದು ಮಂಡಿಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡರೂ ಅಳಲಿಲ್ಲ. ನಾನು ಬೀದಿಗೆಲ್ಲ "ನನ್ನ ಮಗಳು ಗಟ್ಟಿಗಿತ್ತಿ ಕಣ್ರೀ" ಎಂದು ಸಾರಿಕೊಂಡು ಬಂದೆ. ನಿಮ್ಮಪ್ಪ ಹೋದಾಗ ಪುರೋಹಿತರಿಗೆ ಹೇಳಿಕಳಿಸಿ, ನೆಂಟರಿಗೆಲ್ಲ ಫೋನ್ ಮಾಡಿ, ನನ್ನನ್ನು ಹಿಡಿದುಕೊಂಡು ಕೂತವಳೂ ನೀನೇ. ಆಗ ನಿನಗೆ ಹತ್ತೊಂಬತ್ತು. ಆಗಲೂ ನಾನು ಅದೇ ಮಾತು ಹೇಳಿದೆ. ಹೊಗಳುತ್ತಿದ್ದೇನೆ ಎಂದೇ ತಿಳಿದಿದ್ದೆ ಕಣೇ. ಹಾಗೆ ಹೇಳಿಸಿಕೊಂಡವಳು ಆಮೇಲೆ ಯಾರ ಮುಂದೆ ಅಳಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಹೋದ ವರ್ಷ ಮೂರು ತಿಂಗಳ ಬಸಿರು ನಿಲ್ಲದೇ ಹೋದಾಗ ನೀನು ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದ್ದೆ. ಮೂರು ಗಂಟೆಯ ದಾರಿ, ನಾನು ಬರಲಿಲ್ಲ. ಆಟೊದಲ್ಲಿ ನೀನು ಅದನ್ನೇ ಎತ್ತಿದೆ. "ಆವತ್ತು ಬಾ ಅಂದಿದ್ದು ನಿಂಗೆ ಕೇಳಿಸ್ಲೇ ಇಲ್ವಾ?" "ಲೈನ್ ಸರಿ ಇರ್ಲಿಲ್ಲ ಕಣಮ್ಮ" ಎಂದೆ ನಾನು. ಮಾರನೆಯ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ನೀನು ಹೊರಟುಬಿಟ್ಟೆ.

ಒಂದು ಸಲ ಫೋನ್ ಎತ್ತು ಮಗಳೇ. ಬೈಯಬೇಕೆನಿಸಿದರೆ ಬೈ, ಕೇಳಿಸಿಕೊಳ್ಳುತ್ತೇನೆ. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ತಾಯಿ ಚಾಮುಂಡಿ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತಿ,
ನಿನ್ನ ಅಮ್ಮ
ಪಂಕಜಾ

ತಾ.ಕ.: ಲೈನ್ ಸರಿಯಾಗಿಯೇ ಇತ್ತು. "ಅಮ್ಮಾ, ನನ್ ಕೈಲಾಗ್ತಿಲ್ಲ, ಬಾ" ಎಂದು ನೀನು ಹೇಳಿದ್ದು ಚೆನ್ನಾಗಿ ಕೇಳಿಸಿತು. ನಾನೇ "ಹಲೋ, ಹಲೋ" ಎಂದು ಕೇಳಿಸದವಳ ಹಾಗೆ ಮಾಡಿ ಇಟ್ಟುಬಿಟ್ಟೆ. ಆಮೇಲೆ ಮನಸ್ಸು ತಡೆಯದೆ ಸೀರೆ ಬದಲಾಯಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದೆ. ಹಾಸನದ ಬಸ್ಸು ನಿಂತಿತ್ತು, ಸೀಟೂ ಇತ್ತು. ಹತ್ತಲಿಲ್ಲ. ನೀನು ಅಳುತ್ತಿದ್ದರೆ ನಿನ್ನನ್ನು ಹೇಗೆ ಹಿಡಿದುಕೊಳ್ಳಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ.