ಪೇಟೆ ಬೀದಿಯಲ್ಲಿ ನಿಂತುಹೋದ ದನಿ

ಮೇ ೯, ಶುಕ್ರವಾರ

ಊಟ ಸೇರಲಿಲ್ಲ. ಊರಾಚೆಯ ಮರಳು ದಿಬ್ಬದ ಕಡೆಯಿಂದ ಗಾಳಿ ಎದ್ದು ತಟ್ಟೆಯಲ್ಲೂ ಮರಳು.

ಊರಿನ ವಾರದ ಸುದ್ದಿಯನ್ನು ರೆಕಾರ್ಡ್ ಮಾಡಿ ಮೈಕಿನ ಆಟೋಗೆ ಕೊಡುವವಳು ನಾನು. ಈ ವಾರದ್ದು ಇಷ್ಟು: ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಭಾನುವಾರ ಕಣ್ಣಿನ ತಪಾಸಣೆ, ಸಂಜೆ ಪೇಟೆ ಬೀದಿಯಲ್ಲಿ ರಂಗೋಲಿ ಸ್ಪರ್ಧೆ. ಸೋಮವಾರ ನಮ್ಮ ಬೀದಿಯಿಂದ ಬುದ್ಧ ಪೂರ್ಣಿಮೆಯ ಮೆರವಣಿಗೆ, ಎಲ್ಲರೂ ಬನ್ನಿ. ಆ ‘ಎಲ್ಲರೂ’ ಚೆನ್ನಾಗಿ ಕೇಳಲೆಂದು ಮತ್ತೆ ಮತ್ತೆ ಹೇಳಿ ನೋಡಿದ್ದೆ.

ಸಂಜೆ ಪೇಟೆ ಬೀದಿಯಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ಆಟೋ ಬಂತು. ನೀರು, ಕಣ್ಣು, ರಂಗೋಲಿ ಆಯಿತು. ಅಲ್ಲಿಗೆ ಟಕ್ಕೆಂದು ನಿಂತು ಮತ್ತೆ ಮೊದಲಿಂದ ನೀರು.

ಓಡಿಸುವವನು ನಾಗೇಂದ್ರ, ನನ್ನ ಚಿಕ್ಕಪ್ಪನ ಮಗ. ಮೆರವಣಿಗೆಯಲ್ಲಿ ಪಂಚಶೀಲ ಬಾವುಟ ಹಿಡಿದು ಮುಂದೆ ನಡೆಯುವವನೂ ಅವನೇ. ಅಡ್ಡ ನಿಂತು, ಮೆರವಣಿಗೆಯ ಸುದ್ದಿ ಯಾಕೆ ಬಿಟ್ಟೆ ಎಂದು ಕೇಳಿದೆ.

“ಇಲ್ಲಿ ಬ್ಯಾಡ ಕಣಕ್ಕ. ಸುಮ್ಕೆ ಯಾಕೆ ಈ ಮೇಲ್ಜಾತಿಯೋರ ಕಣ್ಗೆ ಬೀಳೋದು?”

“ಯಾರಾದ್ರೂ ಬ್ಯಾಡ ಅಂದ್ರೇನೋ?”

“ಯಾರೂ ಏನೂ ಅನ್ನಿಲ್ಲ. ನಾನೇ ಆಫ್ ಮಾಡ್ದೆ.”

ಯಾರಾದರೂ ಅಂದಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಜಗಳ ಆಡುತ್ತಿದ್ದೆ. ಇವನ ಜೊತೆ ಏನೆಂದು ಆಡಲಿ?

ನಾನು ಮನೆ ಸೇರುವಷ್ಟರಲ್ಲಿ ಆಟೋ ನಮ್ಮ ಬೀದಿಗೆ ಬಂದಿತ್ತು. ಇಲ್ಲಿ ಪೂರ್ತಿ ಹಾಕಿದ. ನಮ್ಮ ಹೆಂಗಸರಿಗೆ ಯಾವ ವರ್ಷವೂ ಜಾಗ ಸಿಕ್ಕದ ಆ ರಂಗೋಲಿ ಸ್ಪರ್ಧೆಗೂ ನನ್ನ ದನಿಯಲ್ಲೇ ನಮ್ಮನ್ನು ಕರೆದ. ಕೊನೆಗೆ ಮೆರವಣಿಗೆ. ಎಲ್ಲರೂ ಬನ್ನಿ, ಎಲ್ಲರೂ ಬನ್ನಿ.

ಕೇಳಿಸಿಕೊಂಡಿದ್ದು ನಾವು ನಾವೇ.